ಸಿನೆಮಾ ಹುಟ್ಟೋಕಿಂತ ಮುಂಚಿನ ರೊಕ್ಕ

1/9

ದೋಸ್ತರ, ಒಂದು ಲೆಕ್ಕದ ಪ್ರಶ್ನೆ. ಸಿನೆಮಾ ಮಾಡೋವಾಗ ಎಲ್ಲಕ್ಕಿಂತ ಮೊದಲು ಬರೋ ಖರ್ಚು ಯಾವುದು?

ಕ್ಯಾಮೆರಾ ಬಾಡಿಗೆ ಅಂತ ಹೇಳೋರು ಭಾಳ ಮಂದಿ. ಹೀರೋನ ಅಡ್ವಾನ್ಸ್ ಅಂತ ಇನ್ನೊಂದಿಷ್ಟು ಮಂದಿ. ಎರಡೂ ಆಮೇಲಿನ ಮಾತು. ಮೊದಲು ಖರ್ಚಾಗೋದು ಒಬ್ಬ ಮನುಷ್ಯನ ಒಂದೋ ಎರಡೋ ವರ್ಷ. ಆ ಮನುಷ್ಯ ಕುಂತು ಚಿತ್ರಕಥೆ ಬರೀಬೇಕು, ಹರಿದು ಒಗೀಬೇಕು, ಮತ್ತ ಬರೀಬೇಕು. ಅಷ್ಟು ದಿನ ಊಟ ನಡೀಬೇಕು, ರೂಮಿನ ಬಾಡಿಗೆ ನಡೀಬೇಕು, ಮನ್ಯಾಗ "ಏನ್ ಮಾಡಾಕತ್ತೀಯೋ?" ಅಂತ ಕೇಳಿದ್ರ ಏನರ ಉತ್ತರ ಕೊಡಬೇಕು.

ಕಾಸ್ಟ್ ಅಕೌಂಟಿಂಗ್‌ನಲ್ಲಿ ಮೆಟೀರಿಯಲ್, ಲೇಬರ್, ಓವರ್‌ಹೆಡ್ ಅಂತ ಬಾಯಿಪಾಠ ಮಾಡೀವಲ್ಲ, ಇದು ಲೇಬರ್. ಆದ್ರ ಈ ಲೇಬರ್‌ಗೆ ಕೂಲಿ ಕೊಡೋ ಪ್ರೊಡ್ಯೂಸರ್ ಆ ಹೊತ್ತಿಗೆ ಇನ್ನೂ ಸಿಕ್ಕೇ ಇರೋದಿಲ್ಲ.

ಈ ಸಲದ ಸರಣಿ ಆ ಕೂಲಿಯ ಇತಿಹಾಸ. ಮೊದಲ ಸಲ ಸಿನೆಮಾ ಮಾಡೋರ ಚಿತ್ರಕಥೆಯನ್ನು ಅದು ಕಾಗದದ ಮೇಲೆ ಇದ್ದಾಗಲೇ ಓದಿ, ಪ್ರಶ್ನೆ ಕೇಳಿ, ತಿದ್ದಿಸಿ ಬೆಳೆಸುವ ಕಾರ್ಯಕ್ರಮಗಳು ಜಗತ್ತಿನಲ್ಲಿ ಇವೆ. ಸ್ಕ್ರೀನ್‌ರೈಟರ್ಸ್ ಲ್ಯಾಬ್ ಅಂತಾರ ಅವಕ್ಕ. ಅವು ಎಲ್ಲಿಂದ ಬಂದವು, ಕನ್ನಡಕ್ಕೆ ಎಷ್ಟು ಮುಟ್ಟಿದವು, ಯಲವಿಗಿ ಸ್ಟೇಷನ್ನಿನಾಗ ಹುಬ್ಬಳ್ಳಿ ಗಾಡಿ ಕಾಯೋ ನಮ್ಮಂಥೋರಿಗೆ ಅವು ಯಾಕ ಬೇಕು ಅನ್ನೋದನ್ನ ಒಂಬತ್ತು ಕಂತಿನಾಗ ಬರೀತೀನಿ. ಹೋದ ಸರಣಿಯಂಗ ಸೇವ್ ಮಾಡಿಟ್ಟು ಓದದೇ ಬಿಡಬ್ಯಾಡ್ರಿ.

2/9

ಮೊದಲ ಲ್ಯಾಬ್ ನಮ್ಮ ಹತ್ರಾನೇ ಇತ್ತು ಅಂದ್ರ ನಂಬ್ತೀರೇನ್ರಿ? ಯಲವಿಗಿಯಿಂದ ಹುಬ್ಬಳ್ಳಿ, ಅಲ್ಲಿಂದ ಧಾರವಾಡ. ಸುಭಾಸ ರಸ್ತೆಯಾಗ ಮನೋಹರ ಗ್ರಂಥಮಾಲೆ. 1933ರಲ್ಲಿ ಶುರುವಾದ ಪ್ರಕಾಶನ. ನಡೆಸಿದವರು ಜಿ. ಬಿ. ಜೋಶಿ, "ಜಡಭರತ" ಅನ್ನೋ ಹೆಸರಿನಿಂದ ನಾಟಕ ಬರೆದವರು. ಅವರ ಜೊತೆಗೆ ವಿಮರ್ಶಕ ಕೀರ್ತಿನಾಥ ಕುರ್ತಕೋಟಿ. ಮೆಟ್ಟಿಲು ಹತ್ತಿ ಹೋಗೋ ಆ ಜಾಗಕ್ಕ ಎಲ್ಲಾರೂ ಅನ್ನೋದು "ಅಟ್ಟ". ಸಾಹಿತಿಗಳು ಬಂದು ಕೂಡ್ತಿದ್ರು, ಹಸ್ತಪ್ರತಿ ಓದ್ತಿದ್ರು, ಜಗಳಾಡ್ತಿದ್ರು.

ಗಿರೀಶ ಕಾರ್ನಾಡರ ಮೊದಲ ನಾಟಕ "ಯಯಾತಿ" 1961ರಲ್ಲಿ ಇಲ್ಲಿಂದಲೇ ಪ್ರಕಟವಾಯಿತು. ಯು. ಆರ್. ಅನಂತಮೂರ್ತಿಯವರ "ಸಂಸ್ಕಾರ" ಕಾದಂಬರಿ 1965ರಲ್ಲಿ ಬಂದದ್ದೂ ಇದೇ ಗ್ರಂಥಮಾಲೆಯಿಂದ. ಈಗ ಐದು ವರ್ಷ ಮುಂದ ಬರ್ರಿ. 1970ರಲ್ಲಿ "ಸಂಸ್ಕಾರ" ಸಿನೆಮಾ ಆಗ್ತೈತಿ. ಪಟ್ಟಾಭಿರಾಮ ರೆಡ್ಡಿ ನಿರ್ದೇಶಕರಾಗಿ ಮಾಡಿದ ಮೊದಲ ಚಿತ್ರ ಅದು. ಚಿತ್ರಕಥೆ ಬರೆದವರು ಕಾರ್ನಾಡರು, ಪ್ರಾಣೇಶಾಚಾರ್ಯರ ಪಾತ್ರ ಮಾಡಿದವರೂ ಅವರೇ. ಸೆನ್ಸಾರ್ ಮಂಡಳಿ ಮೊದಲು ತಡೆ ಹಾಕಿತು. ಆಮೇಲೆ ಬಿಡುಗಡೆಯಾಗಿ ರಾಷ್ಟ್ರಪತಿಗಳ ಚಿನ್ನದ ಪದಕವನ್ನೇ ತಂದಿತು.

ಅಂದ್ರ, ಕನ್ನಡ ಹೊಸ ಅಲೆಯ ಮೊದಲ ಚಿತ್ರದ ಕಥೆನೂ, ಅದಕ್ಕ ಚಿತ್ರಕಥೆ ಬರೆದವರ ಮೊದಲ ಪುಸ್ತಕಾನೂ ಒಂದೇ ಅಟ್ಟದಿಂದ ಇಳಿದು ಬಂದಾವು. ಫಿಲ್ಮ್ ರೀಲು ತಿರುಗೋಕಿಂತ ಮೊದಲೇ ಆ ಕಥೆಯನ್ನ ತಿಳಿದವರು ಹತ್ತು ಸಲ ಓದಿದ್ರು, ಅದರ ಮ್ಯಾಲೆ ವಾದ ಮಾಡಿದ್ರು. ಯಾರೂ ಇದಕ್ಕ ಲ್ಯಾಬ್ ಅನ್ನಲಿಲ್ಲ. ಅರ್ಜಿ ಫಾರ್ಮೂ ಇರಲಿಲ್ಲ.

ಅರ್ಜಿ ಫಾರ್ಮ್ ಇಲ್ಲದ್ದೇ ಅದರ ತೊಡಕು ಅಂತ ನನಗನ್ನಿಸ್ತೈತಿ. ಅಟ್ಟ ಹತ್ತಬೇಕಂದ್ರ ಧಾರವಾಡದಾಗ ಇರಬೇಕು, ಓದಿದವರ ಪರಿಚಯ ಇರಬೇಕು. ನಮ್ಮ ಸವಣೂರು ತಾಲ್ಲೂಕಿನವರು ಸಾಹಿತ್ಯದಾಗ ಹಿಂದೇನೂ ಬಿದ್ದಿಲ್ಲ. ಜ್ಞಾನಪೀಠ ಪಡೆದ ವಿ. ಕೃ. ಗೋಕಾಕರು ಸವಣೂರಿನವರು. ಚಂಪಾ, ಅಂದ್ರ ಚಂದ್ರಶೇಖರ ಪಾಟೀಲರು ಹತ್ತಿಮತ್ತೂರಿನವರು. 1964ರಲ್ಲಿ ಗೆಳೆಯರ ಜೊತೆ ಸೇರಿ ಅವರು ಶುರು ಮಾಡಿದ "ಸಂಕ್ರಮಣ" ಪತ್ರಿಕೆಯೂ ಹೊಸಬರ ಬರಹ ಓದಿಸಿಕೊಳ್ಳೋ ಜಾಗವೇ ಆಗಿತ್ತು. ಆದ್ರ ಅವರೆಲ್ಲ ಮೊದಲು ಊರು ಬಿಟ್ಟು ಧಾರವಾಡ ಸೇರಬೇಕಾಯಿತು. ಕವಿತೆಗೆ ಪೆನ್ನು, ಕಾಗದ ಇದ್ರ ಸಾಕು. ಸಿನೆಮಾಕ್ಕ ಅದರ ಮುಂದಿನ ರೊಕ್ಕ ಬೇಕು. ಅದು ಎಲ್ಲಿಂದ ಬರಬೇಕು?

3/9

ಸರ್ಕಾರದಿಂದ.

1949ರಲ್ಲಿ ಕೇಂದ್ರ ಸರ್ಕಾರ ಎಸ್. ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ ಚಲನಚಿತ್ರ ವಿಚಾರಣಾ ಸಮಿತಿ ಮಾಡಿತು. ಸಿನೆಮಾಕ್ಕೆ ಸಾಲ ಕೊಡುವ ಒಂದು ನಿಗಮ ಬೇಕು ಅಂತ ಆ ಸಮಿತಿ 1951ರ ವರದಿಯಲ್ಲಿ ಹೇಳಿತು. ನಮ್ಮ ಸರ್ಕಾರದ ವೇಗ ಗೊತ್ತಲ್ಲ, ಫಿಲ್ಮ್ ಫೈನಾನ್ಸ್ ಕಾರ್ಪೊರೇಶನ್, ಅಂದರೆ ಎಫ್‌ಎಫ್‌ಸಿ, ಬಂದದ್ದು 1960ರಲ್ಲಿ. 1960ರ ದಶಕದ ಕೊನೆಗೆ ಅದು ತನ್ನ ದಾರಿ ಬದಲಿಸಿ ಕಡಿಮೆ ಬಜೆಟ್ಟಿನ, ಹೊಸಬರ ಚಿತ್ರಗಳಿಗೆ ಸಾಲ ಕೊಡಲು ಶುರು ಮಾಡಿತು. ಬಾಸು ಚಟರ್ಜಿಯ "ಸಾರಾ ಆಕಾಶ್", ಮಣಿ ಕೌಲ್‌ರ "ಉಸ್ಕಿ ರೋಟಿ", ಎರಡೂ ಮೊದಲ ಚಿತ್ರಗಳು, ಎರಡಕ್ಕೂ ಎಫ್‌ಎಫ್‌ಸಿ ರೊಕ್ಕ.

ನಮ್ಮವರ ಕಥೆ ಇಲ್ಲೇ ಬರ್ತೈತಿ. ಮೈಸೂರಿನ ಎಂ. ಎಸ್. ಸತ್ಯು. 1930ರಲ್ಲಿ ಹುಟ್ಟಿದವರು, ಮುಂಬೈಗೆ ಹೋಗಿ ರಂಗಭೂಮಿಯಲ್ಲಿ ದುಡಿಯುತ್ತಿದ್ದವರು. ಅವರು ಮೊದಲು ಕೊಟ್ಟ ಒಂದು ಚಿತ್ರಕಥೆಯನ್ನು ಎಫ್‌ಎಫ್‌ಸಿ ಒಪ್ಪಲಿಲ್ಲ. ಆಗ ಇನ್ನೊಂದನ್ನು ಕೊಟ್ಟರು. ಇಸ್ಮತ್ ಚುಗ್ತಾಯಿಯವರ ಅಪ್ರಕಟಿತ ಕಥೆ, ಅದನ್ನು ಚಿತ್ರಕಥೆಯಾಗಿ ಬೆಳೆಸಿದವರು ಕೈಫಿ ಆಜ್ಮಿ ಮತ್ತು ಶಮಾ ಜೈದಿ. ದೇಶ ವಿಭಜನೆ ಆದ ಮೇಲೆ ಆಗ್ರಾದಲ್ಲೇ ಉಳಿದುಕೊಂಡ ಒಬ್ಬ ಮುಸ್ಲಿಂ ಚಪ್ಪಲಿ ವ್ಯಾಪಾರಿಯ ಮನೆತನದ ಕಥೆ. "ಗರಂ ಹವಾ".

ಎಫ್‌ಎಫ್‌ಸಿ ಕೊಟ್ಟದ್ದು 2.5 ಲಕ್ಷ. ಉಳಿದದ್ದನ್ನು ಸತ್ಯು ಸಾಲ ಮಾಡಿದರು. ಜಾಗದಲ್ಲೇ ಧ್ವನಿ ಹಿಡಿಯುವ ಉಪಕರಣಕ್ಕೆ ರೊಕ್ಕ ಇಲ್ಲದ್ದಕ್ಕ ಮಾತೆಲ್ಲ ಆಮೇಲೆ ಮುಂಬೈಯಲ್ಲಿ ಡಬ್ ಆದವು. ಸಿನೆಮಾ ಮುಗಿದ ಮೇಲೆ ಗಲಾಟೆ ಆಗಬಹುದು ಅನ್ನುವ ಭಯಕ್ಕೆ ಸೆನ್ಸಾರ್ ತಿಂಗಳುಗಟ್ಟಲೆ ತಡೆಯಿತು. ಕೊನೆಗೆ 1974ರಲ್ಲಿ ಸತ್ಯು ಅದನ್ನು ಮೊದಲು ತೆರೆಗೆ ತಂದದ್ದು ಬೆಂಗಳೂರಿನ ಸಾಗರ್ ಮತ್ತು ಸಂಗೀತ್ ಚಿತ್ರಮಂದಿರಗಳಲ್ಲಿ. ಮೊದಲ ಸಿನೆಮಾ! ಇವತ್ತಿಗೂ ಭಾರತದ ಅತಿ ಒಳ್ಳೆಯ ಚಿತ್ರಗಳ ಪಟ್ಟಿ ಮಾಡಿದಾಗೆಲ್ಲ ಅದರ ಹೆಸರು ಇರ್ತೈತಿ.

ನನಗ ಇದರಾಗ ಹಿಡಿಸಿದ್ದು ಆ ತಿರಸ್ಕಾರ. ಒಂದು ಚಿತ್ರಕಥೆ ಬ್ಯಾಡ ಅಂದ ಮ್ಯಾಲೆ ಸತ್ಯು ಅವರಿಗೆ ಇನ್ನೊಂದನ್ನ ತರೋ ತಾಕತ್ತು ಇತ್ತು. ಯಾಕಂದ್ರ ಮನ್ಯಾಗೇ ಶಮಾ ಜೈದಿ ಅಂಥ ಬರಹಗಾರ್ತಿ, ಗೆಳೆಯರ ಬಳಗದಾಗ ಕೈಫಿ ಆಜ್ಮಿ. ಎಫ್‌ಎಫ್‌ಸಿ ಕೆಲಸ ಚಿತ್ರಕಥೆ ಓದಿ ಹೂಂ ಅನ್ನೋದು ಇಲ್ಲಾ ಒಲ್ಲೆ ಅನ್ನೋದು. ಒಲ್ಲೆ ಅಂದದ್ದನ್ನ ಹೆಂಗ ಸುಧಾರಿಸಬೇಕು ಅಂತ ಕುಂತು ಹೇಳೋದು ಅದರ ಕೆಲಸ ಆಗಿರಲಿಲ್ಲ. ಬ್ಯಾಂಕ್ ಲೋನ್ ಸೆಕ್ಷನ್ ಇದ್ದಂಗ.

4/9

ಕರ್ನಾಟಕ ಸರ್ಕಾರಾನೂ ಸಿನೆಮಾಕ್ಕ ರೊಕ್ಕ ಕೊಡ್ತೈತಿ. ಸಹಾಯಧನ, ಎಲ್ಲಾರೂ ಅನ್ನೋದು ಸಬ್ಸಿಡಿ. 1960ರ ದಶಕದಿಂದಲೂ ನಡೆದು ಬಂದದ್ದು. ಕನ್ನಡ ಸಿನೆಮಾ ಮದ್ರಾಸಿನಿಂದ ಬಿಡಿಸಿಕೊಂಡು ಇಲ್ಲಿ ಬೇರು ಬಿಡೋದಕ್ಕೆ ಅದು ಭಾಳ ಆಸರೆ ಆಯಿತು, ಇದರಾಗ ಎರಡು ಮಾತಿಲ್ಲ.

ಆದ್ರ ಅದು ಸಿಗೋದು ಯಾವಾಗ? ಸಿನೆಮಾ ಮುಗಿದು, ಸೆನ್ಸಾರ್ ಸರ್ಟಿಫಿಕೇಟ್ ಬಂದು, ಸಮಿತಿ ನೋಡಿ ಒಪ್ಪಿದ ಮೇಲೆ. ಅಷ್ಟೊತ್ತಿಗೆ ರೊಕ್ಕ ಹಾಕಿ ಆಗಿರ್ತೈತಿ. ಕೈಯಾಗ ಇದ್ದವರು ಮೊದಲು ಖರ್ಚು ಮಾಡಿ ಆಮ್ಯಾಲೆ ಒಂದಿಷ್ಟು ವಾಪಸ್ ಪಡೀತಾರ. ಕೈಯಾಗ ಇಲ್ಲದವರ ನೋಟ್‌ಬುಕ್ಕು ಸಮಿತಿ ಮುಂದ ಬರೋದೇ ಇಲ್ಲ.

ಹಂಗಾದ್ರ ಹೊಸಬರು ಹೆಂಗ ಬಂದ್ರು? ಒಂದು ದಾರಿ ಶಾಲೆ, ಇನ್ನೊಂದು ದಾರಿ ಗುರು. ಗಿರೀಶ ಕಾಸರವಳ್ಳಿ ಎರಡನ್ನೂ ಹಿಡಿದರು: ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಓದು, ಬಿ. ವಿ. ಕಾರಂತರ "ಚೋಮನ ದುಡಿ"ಯಲ್ಲಿ ಸಹಾಯಕರಾಗಿ ಕೆಲಸ. 1977ರಲ್ಲಿ ಅವರ ಮೊದಲ ಚಿತ್ರ "ಘಟಶ್ರಾದ್ಧ" ಬಂದಾಗ ವಯಸ್ಸು ಮೂವತ್ತೂ ಆಗಿರಲಿಲ್ಲ. ಸ್ವರ್ಣಕಮಲ ಬಂತು.

ಮೂರನೆಯ ದಾರಿಯನ್ನು ಹೆಗ್ಗೋಡಿನವರು ತೆಗೆದರು. ಸಾಗರ ತಾಲ್ಲೂಕಿನ ಸಣ್ಣ ಊರು. 1949ರಲ್ಲಿ ಹುಟ್ಟಿದ ನೀನಾಸಂ ಅನ್ನೋ ನಾಟಕ ತಂಡವನ್ನು ಕೆ. ವಿ. ಸುಬ್ಬಣ್ಣ ಬೆಳೆಸಿದರು, 1973ರಲ್ಲಿ ಚಿತ್ರಸಮಾಜ ಕಟ್ಟಿದರು. 1979ರಲ್ಲಿ ಪುಣೆಯ ಪ್ರಾಧ್ಯಾಪಕ ಸತೀಶ್ ಬಹಾದ್ದೂರರನ್ನು ಕರೆಸಿ ಸಿನೆಮಾ ರಸಗ್ರಹಣ ಶಿಬಿರ ನಡೆಸಿದರು. ಅಡಿಕೆ ಕೃಷಿಕರು, ಮಾಸ್ತರರು ಕುಂತು ಸತ್ಯಜಿತ್ ರಾಯ್, ಕುರೊಸಾವಾ ಚಿತ್ರಗಳ ಒಂದೊಂದು ದೃಶ್ಯ ಬಿಡಿಸಿ ನೋಡಿದರು. 1983ರಿಂದ ಎರಡು ವರ್ಷ "ಜನಸ್ಪಂದನ" ಅನ್ನುವ ಹೆಸರಿನಲ್ಲಿ ಅದನ್ನು ರಾಜ್ಯದ ಬೇರೆ ಬೇರೆ ಹಳ್ಳಿಗಳಿಗೂ ಒಯ್ದರು. ಆ ಖರ್ಚಿಗೆ ಫೋರ್ಡ್ ಫೌಂಡೇಶನ್ ನೆರವಿತ್ತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಸಿನೆಮಾ ನೋಡೋದನ್ನ ಕಲಿಸಿದ ದೊಡ್ಡ ಕೆಲಸ ಅದು. ಸಿನೆಮಾ ಬರೆಯೋದನ್ನ ಕಲಿಸೋ ಜಾಗ ಮಾತ್ರ ಕನ್ನಡದಾಗ ಇನ್ನೂ ಖಾಲಿ ಇತ್ತು.

5/9

ಈಗ ಸ್ವಲ್ಪ ದೂರ ಹೋಗೋಣ, ಲಗೂನೇ ಬರ್ತೀವಿ.

1981. ಅಮೆರಿಕದ ಯೂಟಾ ರಾಜ್ಯದ ಗುಡ್ಡದ ನಡುವೆ ನಟ ರಾಬರ್ಟ್ ರೆಡ್‌ಫೋರ್ಡ್ ಸನ್‌ಡಾನ್ಸ್ ಇನ್‌ಸ್ಟಿಟ್ಯೂಟ್ ಶುರು ಮಾಡಿದರು. ಹೊಸಬರ ಕೆಲವೇ ಚಿತ್ರಕಥೆ ಆರಿಸೋದು, ಅನುಭವಿಗಳನ್ನು ಕರೆಸಿ ಅವರ ಜೊತೆ ಕೂಡಿಸೋದು. ಮಾರುಕಟ್ಟೆ, ಸ್ಟುಡಿಯೋ, ಟಿಕೆಟ್ ಲೆಕ್ಕ ಎಲ್ಲಾ ಹೊರಗ. "ರಿಸರ್ವಾಯರ್ ಡಾಗ್ಸ್" ಮಾಡೋಕಿಂತ ಮೊದಲು ಕ್ವೆಂಟಿನ್ ಟರಂಟಿನೊ ಇಂಥ ಲ್ಯಾಬಿನಾಗ ಕುಂತಿದ್ದ ಹುಡುಗ.

ಯುರೋಪಿನಾಗ ರಾಟರ್‌ಡ್ಯಾಮ್ ಚಿತ್ರೋತ್ಸವ ಕಟ್ಟಿದ ಹ್ಯೂಬರ್ಟ್ ಬಾಲ್ಸ್ 1988ರಲ್ಲಿ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಒಂದು ನಿಧಿ ಬಂತು. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದವರಿಗೆ ಚಿತ್ರಕಥೆ ಬರೆಯುವ ಹಂತದಲ್ಲೇ ರೊಕ್ಕ. ನಾನು ಮೊದಲನೇ ಕಂತಿನಾಗ ಹೇಳಿದ ಕೂಲಿ ಇದೇ. 2004ರಲ್ಲಿ ಮೀರಾ ನಾಯರ್ ಉಗಾಂಡಾದ ಕಂಪಾಲಾದಲ್ಲಿ "ಮೈಶಾ" ಅನ್ನೋ ಲ್ಯಾಬ್ ಕಟ್ಟಿದರು. ಒರಿಸ್ಸಾದ ರೂರ್ಕೆಲಾದಲ್ಲಿ ಹುಟ್ಟಿದಾಕಿ ಪೂರ್ವ ಆಫ್ರಿಕಾದ ಹುಡುಗರಿಗೆ ಚಿತ್ರಕಥೆ ಬರೆಯೋ ಜಾಗ ಮಾಡಿಕೊಟ್ಟಳು. ನಮಗ ಇನ್ನೂ ಇರಲಿಲ್ಲ!

ಭಾರತಕ್ಕೆ ಬಂದದ್ದು 2007ರಲ್ಲಿ. 1975ರಲ್ಲಿ ಹುಟ್ಟಿದ ಎನ್‌ಎಫ್‌ಡಿಸಿ, ಅಂದ್ರ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ, 1980ರಲ್ಲಿ ನಮ್ಮ ಹಳೇ ಎಫ್‌ಎಫ್‌ಸಿಯನ್ನು ತನ್ನೊಳಗೆ ಸೇರಿಸಿಕೊಂಡಿತ್ತು. ಅದೇ ನಿಗಮ 2007ರಲ್ಲಿ ಗೋವಾದ ಚಿತ್ರೋತ್ಸವದ ಜೊತೆಗೆ ಫಿಲ್ಮ್ ಬಜಾರ್ ಶುರು ಮಾಡಿತು, ಸ್ಕ್ರೀನ್‌ರೈಟರ್ಸ್ ಲ್ಯಾಬ್ ಕೂಡ. ಲೋನ್ ಸೆಕ್ಷನ್ನಿನವರು ಕಡೀಕೆ ಪಕ್ಕದಾಗ ಒಂದು ಕುರ್ಚಿ ಹಾಕಿದ್ರು ಅನ್ರಿ. 2012ರ ಹೊತ್ತಿಗೆ ಸನ್‌ಡಾನ್ಸ್ ಕೂಡ ಮಹೀಂದ್ರಾ ಕಂಪನಿಯ ಮುಂಬೈ ಮಂತ್ರ ಜೊತೆಗೂಡಿ ಇಲ್ಲಿ ಲ್ಯಾಬ್ ನಡೆಸಿತು.

6/9

ಈ ಕಂತು ಉದ್ದ ಐತಿ, ಚಾ ತಗೊಂಡು ಕುಂದರ್ರಿ. ಲ್ಯಾಬಿನ ಒಳಗ ಏನ್ ನಡೀತೈತಿ?

ಮೊದಲು ಅರ್ಜಿ. ಕಥೆ ಏನು ಅನ್ನೋದನ್ನ ಒಂದೋ ಎರಡೋ ವಾಕ್ಯದಾಗ ಹೇಳಬೇಕು, ಅದು ಲಾಗ್‌ಲೈನ್. ಒಂದು ಪುಟದಾಗ ಶುರುವಿನಿಂದ ಕೊನೆತನಕ ಹೇಳಬೇಕು, ಅದು ಸಿನಾಪ್ಸಿಸ್. ಕೊನೆ ಮುಚ್ಚಿಡೋಹಂಗಿಲ್ಲ, "ಮುಂದೇನಾಯಿತು ತೆರೆಯ ಮೇಲೆ ನೋಡಿ" ಅಂತ ಬರೆದವರ ಅರ್ಜಿ ಮುಂದಕ ಹೋಗೋದಿಲ್ಲ. ಆಮೇಲೆ ಪೂರ್ತಿ ಚಿತ್ರಕಥೆಯ ಒಂದು ಡ್ರಾಫ್ಟ್. ಅದರ ಜೊತೆಗೆ ಈ ಕಥೆ ನೀವೇ ಯಾಕ ಹೇಳಬೇಕು ಅನ್ನೋ ಒಂದು ಟಿಪ್ಪಣಿ.

ನೂರಾರು ಅರ್ಜಿಯಲ್ಲಿ ಎನ್‌ಎಫ್‌ಡಿಸಿ ಲ್ಯಾಬಿಗೆ ಆರಿಸೋದು ಸಾಮಾನ್ಯವಾಗಿ ಆರೋ ಎಂಟೋ. ಅವರಿಗೆ ಮೆಂಟರ್‌ಗಳು ಸಿಗ್ತಾರೆ, ಭಾರತದವರೂ ಹೊರಗಿನವರೂ. ಹಲವು ತಿಂಗಳು, ಹಲವು ಸುತ್ತು. ಒಂದು ಸುತ್ತಿನಲ್ಲಿ ಎದುರಾಬದುರಾ ಕುಂತು ಮಾತು, ಆಮೇಲೆ ಮನೆಗೆ ಹೋಗಿ ವಾರಗಟ್ಟಲೆ ತಿದ್ದುವ ಕೆಲಸ, ಮತ್ತೆ ಇನ್ನೊಂದು ಸುತ್ತು. ಕೊನೆಯದು ಗೋವಾದಲ್ಲಿ. ಅಲ್ಲಿ ಪ್ರೊಡ್ಯೂಸರ್‌ಗಳ ಮುಂದೆ ನಿಂತು ಕಥೆ ಹೇಳಬೇಕು, ಅದಕ್ಕೆ ಪಿಚ್ ಅಂತಾರ.

ಮೆಂಟರ್ ಅಂದ್ರ ತಪ್ಪಿಗೆ ಕೆಂಪು ಗೆರೆ ಎಳೆಯೋ ಮಾಸ್ತರ ಅಂತ ತಿಳ್ಕೊಬ್ಯಾಡ್ರಿ. ಅವರ ಕೆಲಸ ಪ್ರಶ್ನೆ ಕೇಳೋದು. ಈ ಹುಡುಗಿ ಸಂಜೀ ಆರಕ್ಕ ಮನಿ ಬಿಟ್ಟು ಹೊಂಟಳಲ್ಲ, ಮಧ್ಯಾಹ್ನ ಯಾಕ ಹೋಗಲಿಲ್ಲ? ಇವರಪ್ಪ ಒಂದು ಮಾತೂ ಆಡೋದಿಲ್ಲ, ಅಂವಗ ಗೊತ್ತಿಲ್ಲೇನು, ಗೊತ್ತಿದ್ದೂ ಸುಮ್ಮನ ಅದಾನೇನು? ಈ ದೃಶ್ಯ ತಗದ್ರ ಏನಾಗ್ತೈತಿ? ಏನೂ ಆಗೋದಿಲ್ಲ ಅಂದ್ರ ಅದು ಇರೋದು ಯಾಕ?

ಕೊನೆಯ ಪ್ರಶ್ನೆಗೆ ರೊಕ್ಕದ ಅರ್ಥಾನೂ ಐತಿ, ನಮ್ಮ ಬಿಕಾಂ ತಲಿಗೆ ಅದು ತಟ್ಟನೆ ಹೊಳೀಬೇಕು. ಚಿತ್ರಕಥೆಯ ಒಂದು ಪುಟ ಅಂದ್ರ ತೆರೆಯ ಮೇಲೆ ಸುಮಾರು ಒಂದು ನಿಮಿಷ ಅಂತ ಲೆಕ್ಕ. ಬೇಡದ ಐದು ಪುಟ ಕಾಗದದ ಮೇಲೆ ತೆಗೆದರೆ ಖರ್ಚು ಸೊನ್ನೆ. ಅದೇ ಐದು ಪುಟವನ್ನು ಶೂಟಿಂಗ್ ಮಾಡಿ, ಎಡಿಟಿಂಗ್ ಟೇಬಲ್ ಮೇಲೆ ಬೇಡ ಅಂತ ಕತ್ತರಿಸಿದರೆ? ಲೈಟು, ಊಟ, ಗಾಡಿ, ಇಪ್ಪತ್ತು ಮಂದಿ ಸಂಬಳ ಎಲ್ಲಾ ನೀರಾಗ ಹೋಮ. ದೊಡ್ಡ ಬಜೆಟ್ಟಿನವರು ಅದನ್ನ ತಡ್ಕೋತಾರ. ಸಣ್ಣ ಬಜೆಟ್ಟಿನ ಮೊದಲ ಸಿನೆಮಾ ಅಲ್ಲೇ ನಿಂತುಬಿಡ್ತೈತಿ.

ರಿತೇಶ್ ಬಾತ್ರಾ ಉದಾಹರಣೆ ನೋಡ್ರಿ. ಮುಂಬೈ ಡಬ್ಬಾವಾಲಾಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡೋದಕ್ಕೆ ಅವರ ಜೊತೆ ಓಡಾಡಿದರು. ಓಡಾಡುವಾಗ ಕೇಳಿದ ಮಾತುಗಳಿಂದ ಬೇರೆಯೇ ಒಂದು ಕಥೆ ಮೊಳಕೆ ಒಡೆಯಿತು: ತಪ್ಪು ವಿಳಾಸಕ್ಕೆ ಹೋದ ಒಂದು ಡಬ್ಬಿ, ಅದರೊಳಗೆ ಓಡಾಡುವ ಚೀಟಿಗಳು. ಆ ಚಿತ್ರಕಥೆ ಎನ್‌ಎಫ್‌ಡಿಸಿ ಲ್ಯಾಬಿನಲ್ಲಿ, ಇಟಲಿಯ ಟೊರಿನೊ ಲ್ಯಾಬಿನಲ್ಲಿ ಬೆಳೆಯಿತು. ಭಾರತ, ಫ್ರಾನ್ಸ್, ಜರ್ಮನಿಯವರು ಕೂಡಿ ರೊಕ್ಕ ಹಾಕಿದರು. 2013ರಲ್ಲಿ ಕಾನ್ ಚಿತ್ರೋತ್ಸವದ ಕ್ರಿಟಿಕ್ಸ್ ವೀಕ್‌ಗೆ ಹೋಯಿತು. "ದಿ ಲಂಚ್‌ಬಾಕ್ಸ್", ಬಾತ್ರಾರ ಮೊದಲ ಫೀಚರ್ ಸಿನೆಮಾ. ಕಾನು ಬಹಲ್‌ರ ಮೊದಲ ಚಿತ್ರ "ತಿತ್ಲಿ" ಕೂಡ ಎನ್‌ಎಫ್‌ಡಿಸಿ ಲ್ಯಾಬಿನದೇ. ನೀರಜ್ ಘೇವಾನ್‌ರ ಮೊದಲ ಚಿತ್ರ "ಮಸಾನ್" ಬರೆಯೋ ಹಂತದಲ್ಲಿದ್ದಾಗಲೇ, 2014ರಲ್ಲಿ, ಸನ್‌ಡಾನ್ಸ್ ಮತ್ತು ಮಹೀಂದ್ರಾ ಪ್ರಶಸ್ತಿ ಪಡೆಯಿತು.

ಮೂರೂ ಹಿಂದಿ. ಗಮನಿಸಿದ್ರಿ?

7/9

ಕನ್ನಡಕ್ಕ ಬರೋಣ. 2015ರ ಆಗಸ್ಟ್, ಸ್ವಿಟ್ಜರ್ಲೆಂಡಿನ ಲೊಕಾರ್ನೊ. ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ಸಿನೆಮಾ ಎರಡು ಪ್ರಶಸ್ತಿ ತಗೊಂಡಿತು, ಅದರಲ್ಲಿ ಒಂದು ಮೊದಲ ಚಿತ್ರಕ್ಕೆ ಕೊಡುವಂಥದ್ದು. "ತಿಥಿ". ನಿರ್ದೇಶಕ ರಾಮ್ ರೆಡ್ಡಿ, ಪ್ರಾಗ್‌ನಲ್ಲಿ ಸಿನೆಮಾ ಓದಿದವರು. ಚಿತ್ರಕಥೆಯಲ್ಲಿ ಜೊತೆಗಾರ ಈರೇಗೌಡ, ನೊದೆಕೊಪ್ಪಲಿನವರು. ಸಿನೆಮಾ ನಡೆಯುವ ಊರು ಅದೇ.

ಇವರು ಬರೆದ ರೀತಿ ಕೇಳ್ರಿ. ಕಥೆ ಬರೆದು ಅದಕ್ಕ ನಟರನ್ನ ಹುಡುಕೋದು ವಾಡಿಕೆ. ಇವರು ಮೊದಲು ಊರಾಗ ಮಂದೀನ ನೋಡಿದ್ರು. ಗಡ್ಡಪ್ಪ ಹೆಂಗ ನಡೀತಾರ, ಸೆಂಚುರಿ ಗೌಡ ಹೆಂಗ ಬೈತಾರ, ಅದನ್ನ ಹಿಡಿದು ಪಾತ್ರ ಬರೆದ್ರು. ಅವರ್ಯಾರೂ ವೃತ್ತಿ ನಟರಲ್ಲ. ಚಿತ್ರಕಥೆಗೆ ಲ್ಯಾಬ್ ಆದದ್ದು ಆ ಊರೇ. ಗೋವಾದ ಫಿಲ್ಮ್ ಬಜಾರ್‌ಗೂ "ತಿಥಿ" ಹೋಗಿತ್ತು, ಆದ್ರ ಅಲ್ಲಿಯ ವರ್ಕ್ ಇನ್ ಪ್ರೋಗ್ರೆಸ್ ಲ್ಯಾಬಿಗೆ. ವರ್ಕ್ ಇನ್ ಪ್ರೋಗ್ರೆಸ್ ಅಂದ್ರ ನಮ್ಮ ಬ್ಯಾಲೆನ್ಸ್ ಶೀಟಿನಾಗ ಬರೋ ಅರ್ಧಂಬರ್ಧ ಮಾಲು ಇದ್ದಂಗ: ಶೂಟಿಂಗ್ ಮುಗಿದು ಎಡಿಟಿಂಗ್ ನಡೆದಿರೋ ಚಿತ್ರವನ್ನ ತಿಳಿದವರಿಗೆ ತೋರಿಸಿ ಸಲಹೆ ಪಡೆಯೋದು.

ಈರೇಗೌಡರು ಆಮೇಲೆ ತಾವೇ ನಿರ್ದೇಶಕರಾದರು. 2018ರಲ್ಲಿ ಅವರ ಮೊದಲ ಚಿತ್ರ "ಬಳೆಕೆಂಪ" ರಾಟರ್‌ಡ್ಯಾಮಿನಲ್ಲಿ ವಿಮರ್ಶಕರ ಪ್ರಶಸ್ತಿ ಪಡೆಯಿತು. ಹಳ್ಳಿಯಿಂದ ಬಂದು ಬೆಂಗಳೂರಿನಾಗ ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದವರು. ಒಬ್ಬರ ಜೊತೆ ಕುಂತು ಒಂದು ಚಿತ್ರಕಥೆ ಬರೆದದ್ದೇ ಅವರಿಗೆ ಕಾಲೇಜು ಆತು ಅಂತ ನನ್ನ ಲೆಕ್ಕ.

ಇದರ ನಡುವೆ 2012–13ರಲ್ಲಿ ಪವನ್ ಕುಮಾರ್ "ಲೂಸಿಯಾ"ಕ್ಕೆ ನೋಡುಗರಿಂದಲೇ 27 ದಿನದಲ್ಲಿ 51 ಲಕ್ಷ ಕೂಡಿಸಿದ ಕಥೆ ನಿಮಗೆಲ್ಲ ಗೊತ್ತಿರಬಹುದು. 110 ಮಂದಿ ರೊಕ್ಕ ಹಾಕಿದರು. ಚಂದ ಕೆಲಸ. ಆದ್ರ ಪವನ್ ಅಷ್ಟೊತ್ತಿಗೆ "ಲೈಫು ಇಷ್ಟೇನೆ" ಮಾಡಿ ಹೆಸರಾಗಿದ್ದರು. ಮೊದಲ ಸಲದವರ ಹೆಸರಿಗೆ ಅಷ್ಟು ರೊಕ್ಕ ಬರೋದು ಕಷ್ಟ ಐತಿ.

8/9

ನಮ್ಮ ಕಡೆಗೆ ಇನ್ನಷ್ಟು ಹತ್ತಿರದ ಎರಡು ಸಿನೆಮಾ.

ಒಂದು ಶಿರಸಿಯದು. ನಟೇಶ್ ಹೆಗಡೆ ತಮ್ಮ ಊರಿನಾಗೇ "ಪೆಡ್ರೊ" ಮಾಡಿದರು. ಮುಖ್ಯ ಪಾತ್ರ, ಊರಿನ ಎಲೆಕ್ಟ್ರಿಷಿಯನ್. ಅದನ್ನು ಮಾಡಿದವರು ಸ್ವಂತ ತಂದೆ ಗೋಪಾಲ್ ಹೆಗಡೆ. ಇದೂ ಗೋವಾದ ವರ್ಕ್ ಇನ್ ಪ್ರೋಗ್ರೆಸ್ ಲ್ಯಾಬ್ ಹಾದು, 2021ರಲ್ಲಿ ಕೊರಿಯಾದ ಬೂಸಾನ್ ಚಿತ್ರೋತ್ಸವಕ್ಕೆ ಹೋಯಿತು. 2025ರಲ್ಲಿ ಅವರ ಎರಡನೆಯ ಚಿತ್ರ "ವಾಘಾಚಿಪಾಣಿ" ಬರ್ಲಿನ್ನಿಗೆ ಹೋಯಿತು. ಅದರ ಬೇರು ರಾಯಚೂರು ಸೀಮೆಯ ಕಥೆಗಾರ ಅಮರೇಶ ನುಗಡೋಣಿಯವರ ಕಥೆ.

ಇನ್ನೊಂದು ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ್ದು. ಜೈಶಂಕರ್ ಆರ್ಯರ್ ಅವರ ಮೊದಲ ಸಿನೆಮಾ "ಶಿವಮ್ಮ". 2022ರಲ್ಲಿ ಬೂಸಾನ್‌ನಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ. ಬಿಕಾಂನವರು ಇದನ್ನ ನೋಡಲೇಬೇಕು, ಯಾಕಂದ್ರ ಇದು ನೆಟ್‌ವರ್ಕ್ ಮಾರ್ಕೆಟಿಂಗ್ ಕಥೆ. ಸರ್ಕಾರಿ ಸಾಲಿಯಾಗ ಅಡುಗಿ ಮಾಡೋ ಹೆಣ್ಣುಮಗಳು ಎನರ್ಜಿ ಡ್ರಿಂಕ್ ಮಾರೋ ಸ್ಕೀಮಿಗೆ ಮಗಳ ಮದುವಿ ರೊಕ್ಕ ಹಾಕ್ತಾಳ. ನಮ್ಮ ಓಣಿಯಾಗೂ ಇಂಥ ಡಬ್ಬಿ ಹಿಡ್ಕೊಂಡು ಬಂದ ಅತ್ತಿ, ಚಿಗವ್ವ ಯಾರರ ಇದ್ದೇ ಇರ್ತಾರ, ಹೌದಲ್ಲೋ? ಶಿವಮ್ಮನ ಪಾತ್ರ ಮಾಡಿದ ಶರಣಮ್ಮ ಚೆಟ್ಟಿ ಆಡೋ ಮಾತು ನಮ್ಮ ಮಾತು. ಬೆಂಗಳೂರಿನ ಸಿನೆಮಾದಾಗ ಉತ್ತರ ಕರ್ನಾಟಕ ಅಂದ್ರ "ಲೇ ಮಗನ" ಅಂತ ಬೈದು ನಗಸೋ ಕಾಮಿಡಿ. ಇಲ್ಲಿ ಅದೇ ಮಾತಿನಾಗ ಒಬ್ಬಾಕಿ ಹಠ ಹಿಡಿದು ಸೋಲ್ತಾಳ, ಏಳ್ತಾಳ.

ಮೂರೂ ಚಿತ್ರಕ್ಕ ನಿರ್ಮಾಪಕ ರಿಷಬ್ ಶೆಟ್ಟಿ. ದೊಡ್ಡ ಸಿನೆಮಾದಾಗ ದುಡಿದವರು ಸಣ್ಣ ಸಿನೆಮಾಕ್ಕ ಹಾಕಿದ್ರು, ಮೆಚ್ಚಬೇಕು. ಆದ್ರ ಇದೂ ಒಂದು ರೀತಿ ಅಟ್ಟದ ಕಥೆನೇ: ಒಬ್ಬರ ಒಳ್ಳೆ ಮನಸ್ಸಿನ ಮ್ಯಾಲೆ ನಿಂತದ್ದು. ಅವರ ತನಕ ಮುಟ್ಟದವರು ಏನ್ ಮಾಡಬೇಕು?

ನಮ್ಮ ಸುತ್ತಲಿನ ಕಥೆ ಸಿನೆಮಾ ಆಗೇ ಇಲ್ಲ ಅಂತಲ್ಲ. 1990ರಲ್ಲಿ ಟಿ. ಎಸ್. ನಾಗಾಭರಣ "ಸಂತ ಶಿಶುನಾಳ ಶರೀಫ" ಮಾಡಿದರು, ಶಿಶುನಾಳ ನಮ್ಮ ಪಕ್ಕದ ಶಿಗ್ಗಾವಿ ತಾಲ್ಲೂಕು. ಒಳ್ಳೆ ಸಿನೆಮಾ. ಇಲ್ಲೇ ಹುಟ್ಟಿ ಬೆಳೆದವರು ಬರೆದದ್ದು ಯಾವಾಗ ಬರ್ತೈತಿ ಅಂತ ನಾನು ಕೇಳೋದು.

9/9

ಈಗ ಕೊನೇ ಕಂತು, ಸ್ವಲ್ಪ ಸಿಟ್ಟೂ ಐತಿ.

ನನ್ನ ಪರಿಚಯದ ಒಬ್ಬಾಕಿ ಇನ್ನೂರು ಪುಟದ ನೋಟ್‌ಬುಕ್ಕಿನಾಗ ಪೂರ್ತಿ ಒಂದು ಚಿತ್ರಕಥೆ ಬರೆದಾಳ. ಎಲಿ ತ್ವಾಟದಾಗ ದುಡಿಯೋ ಅಕ್ಕ ತಂಗಿ ಕಥೆ. ಸವಣೂರು ಎಲಿ ತಿನ್ನೋರಿಗೆ ರುಚಿ ಗೊತ್ತು, ಕೊಯ್ಯೋರ ಬೆರಳಿನ ಕಥೆ ಯಾರಿಗೆ ಗೊತ್ತೈತಿ? ಆಕಿ ಕೇಳಿದ್ದು ಒಂದೇ: ಇದನ್ನ ಯಾರಿಗೆ ತೋರಸ್ಲಿ?

ಲ್ಯಾಬಿಗೆ ಕಳಸು ಅನ್ನಬಹುದು. ಆದ್ರ ಅಲ್ಲಿ ಅರ್ಜಿ, ಟಿಪ್ಪಣಿ, ಮಾತುಕತೆ ಹೆಚ್ಚಾಗಿ ಇಂಗ್ಲಿಷಿನಾಗ ನಡೀತೈತಿ. "ಎವ್ವಾ, ಇಷ್ಟ್ಯಾಕ ಸುಮ್ಮನದೀ?" ಅನ್ನೋ ಒಂದು ಮಾತಿನಾಗ ಇರೋ ಭಾರ ಇಂಗ್ಲಿಷಿಗೆ ಹೋಗೋವಾಗ ಎಷ್ಟು ಉಳೀತೈತಿ? ಆರು ಸೀಟಿಗೆ ಇಡೀ ದೇಶದ ಅರ್ಜಿ. ಅದರಾಗ ಅನುವಾದ ಮಾಡಿಸೋ ರೊಕ್ಕ ಬೇರೆ. ಮೊದಲನೇ ಕಂತಿನ ಕೂಲಿ ಲೆಕ್ಕಕ್ಕ ಇದನ್ನೂ ಸೇರಿಸ್ಕೊರ್ರಿ.

ಕನ್ನಡದಾಗೇ, ಕನ್ನಡ ಓದೋ ಮೆಂಟರ್‌ಗಳನ್ನ ಇಟ್ಟು, ಬರೆಯೋ ತಿಂಗಳುಗಳಿಗೆ ಸಣ್ಣದೊಂದು ಸ್ಟೈಪೆಂಡ್ ಕೊಟ್ಟು, ಪ್ರತಿ ವರ್ಷ ತಪ್ಪದೇ ನಡೆಯೋ ಲ್ಯಾಬ್ ಇರಬೇಕು. ಸಬ್ಸಿಡಿಗೆ ಹೋಗೋ ರೊಕ್ಕದಾಗ ಒಂದು ಚೂರು ಇದಕ್ಕ ಇಟ್ರ ಸಾಕು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಾಗ ಜಾನಪದ ವಿಶ್ವವಿದ್ಯಾಲಯ ಐತಿ, ಹಾನಗಲ್ ತಾಲ್ಲೂಕಿನ ಶೇಷಗಿರಿಯಾಗ ನಾಟಕ ಕಟ್ಟೋ ಇಡೀ ಊರೇ ಐತಿ. ಜಾಗಕ್ಕ ಬರ ಇಲ್ಲ.

ಒಂದು ಮಾತು ನಮ್ಮ ನಾಟಕದವರಿಂದ ಕಲೀಬೇಕು. ಜಾತ್ರಿಯಾಗ ಹಾಕೋ ನಾಟಕಕ್ಕ ತಿಂಗಳುಗಟ್ಟಲೆ ತಾಲೀಮು ನಡೀತೈತಿ. ಪೇಟಿ ಮಾಸ್ತರ ಕುಂತು "ಈ ಮಾತು ಉದ್ದ ಆತು, ಮಂದಿ ಎದ್ದು ಹೋಗ್ತಾರ" ಅಂತಾನ. ಕಂಪನಿ ನಾಟಕದವರು ಇವತ್ತು ಮಂದಿ ನಗದಿದ್ದ ಮಾತನ್ನ ನಾಳಿ ಆಟದಾಗ ತಗದುಬಿಡ್ತಾರ. ಡ್ರಾಫ್ಟ್ ತಿದ್ದೋದು ಅಂದ್ರ ಇದೇ. ಸಿನೆಮಾಕ್ಕ ಮಾತ್ರ ನಾಳಿ ಆಟ ಅನ್ನೋದು ಇಲ್ಲ, ಅದಕ್ಕ ತಾಲೀಮು ಕಾಗದದ ಮ್ಯಾಲೇ ಆಗಬೇಕು.

ಲ್ಯಾಬ್ ಬರೋತನಕ ಒಂದು ಕೆಲಸ ಮಾಡೋಣು. ಚಿತ್ರಕಥೆ ಬರೆದವರು, ಬರೆಯಾಕತ್ತವರು, ಬರೀ ಓದಿ ಪ್ರಶ್ನೆ ಕೇಳೋರು, ಯಾರಾದ್ರೂ ಡಿಎಂ ಮಾಡ್ರಿ. ಮುಂದಿನ ತಿಂಗಳ ಎರಡನೇ ರವಿವಾರ ಮುಂಜಾನೆ ಹತ್ತಕ್ಕ ಯಲವಿಗಿಯಾಗ ಕೂಡೋಣ, ಜಾಗ ಡಿಎಂನಾಗ ಹೇಳ್ತೀನಿ. ಒಬ್ಬೊಬ್ಬರು ಹತ್ತು ಪುಟ ತರ್ರಿ, ಸಿನಾಪ್ಸಿಸ್ ಒಂದು ಪುಟ, ಕೊನೆ ಮುಚ್ಚಿಡಬ್ಯಾಡ್ರಿ. ಝೆರಾಕ್ಸ್ ಐದು ಕಾಪಿ. ಮೊದಲು ಎಲಿ ತ್ವಾಟದ ಕಥೆ ಓದ್ತೀವಿ, ಬರೆದಾಕಿ ಹೂಂ ಅಂದಾಳ. ಚಾ ರೊಕ್ಕ ಅವರವರದ.

#ಯಲವಿಗಿ #ಸವಣೂರು #ಚಿತ್ರಕಥೆ #ಮೊದಲಸಿನೆಮಾ